ದಿನಬಳಕೆಗೆ ಕಡಿಮೆ ಬೆಲೆಯ ಕಿಲ್ಟ್ ಬೇಕು, ಎಂಥದ್ದು ಕೊಳ್ಳಲಿ?

ಮಲೆನಾಡಿಗ, ಗ್ಲಾಸ್ಗೋ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಗ್ಲಾಸ್ಗೋಗೆ ಬಂದು ಮೂರು ವರ್ಷವಾಯಿತು. ಊರಿನಲ್ಲಿದ್ದಾಗ ಸಂಜೆ ಮನೆಗೆ ಬಂದು ಪ್ಯಾಂಟ್ ಬಿಚ್ಚಿ ಲುಂಗಿ ಉಟ್ಟರೇನೇ ಉಸಿರಾಡಿದಂತಾಗುತ್ತಿತ್ತು. ಇಲ್ಲಿಯೂ ಮನೆಯೊಳಗೆ ಅದೇ ಅಭ್ಯಾಸ. ಹೊರಗೆ ಹೊರಟಾಗ ಮಾತ್ರ ಜೀನ್ಸ್.

ಕಿಲ್ಟ್, ಅಂದರೆ ಇಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಮಂಡಿಯವರೆಗಿನ ನೆರಿಗೆಯ ಉಡುಪು, ಮದುವೆಗೆ ಮಾತ್ರ ಎಂದೇ ತಿಳಿದಿದ್ದೆ. ಗಿಡ್ಡ ಕೋಟು, ತುಪ್ಪಳದ ಚೀಲ, ಕಾಲುಚೀಲದಲ್ಲಿ ಸಿಕ್ಕಿಸಿದ ಪುಟ್ಟ ಚೂರಿ, ಇಷ್ಟೂ ಸೇರಿದರೆ ಮಾತ್ರ ಅದನ್ನು ತೊಡಬಹುದು ಎಂದುಕೊಂಡಿದ್ದೆ. ಸ್ಕಾಟ್ಲೆಂಡ್ ತಂಡದ ಫುಟ್‌ಬಾಲ್ ಪಂದ್ಯವಿದ್ದ ಒಂದು ದಿನ ಹ್ಯಾಂಪ್‌ಡನ್ ಪಾರ್ಕ್ ಕಡೆಯ ರಸ್ತೆಯಲ್ಲಿ ಬರುತ್ತಿದ್ದೆ. ನೂರಾರು ಜನ ಕಿಲ್ಟ್ ತೊಟ್ಟಿದ್ದರು. ಮೇಲೆ ಕಡುನೀಲಿ ಜೆರ್ಸಿ, ಕಾಲಿಗೆ ಸವೆದ ಬೂಟು, ಕಣಕಾಲಿಗೆ ಇಳಿಸಿಕೊಂಡ ದಪ್ಪ ಕಾಲುಚೀಲ. ಅರವತ್ತು ದಾಟಿದ ಒಬ್ಬರು ಚಿಪ್ಸ್ ಪೊಟ್ಟಣ ಹಿಡಿದು ಮೋಟುಗೋಡೆಯ ಮೇಲೆ ಕೂರುವ ಮುನ್ನ ಹಿಂದಿನ ನೆರಿಗೆಯನ್ನು ಅಂಗೈಯಿಂದ ಒಮ್ಮೆ ಮೇಲಿನಿಂದ ಕೆಳಕ್ಕೆ ಸವರಿಕೊಂಡರು. ನನ್ನ ಅಜ್ಜ ಜಗಲಿಯಲ್ಲಿ ಕೂರುವ ಮುನ್ನ ಪಂಚೆಯನ್ನು ಹೀಗೆಯೇ ಸವರಿಕೊಳ್ಳುತ್ತಿದ್ದರು. ಅಂದಿನಿಂದ ನನಗೂ ಒಂದು ಕಿಲ್ಟ್ ಬೇಕೆನ್ನಿಸಿದೆ.

ಮದುವೆಗಲ್ಲ, ಶನಿವಾರ ಭಾನುವಾರ ತೊಟ್ಟು ಅಡ್ಡಾಡಲು, ಗುಡ್ಡ ಹತ್ತಲು, ತರಕಾರಿ ತರಲು. 100 ಪೌಂಡ್ ಮೀರುವ ಶಕ್ತಿ ಸದ್ಯಕ್ಕಿಲ್ಲ. ಆನ್‌ಲೈನ್‌ನಲ್ಲಿ 30 ಪೌಂಡ್‌ಗೂ ಸಿಗುತ್ತದೆ, 600 ಪೌಂಡ್‌ಗೂ ಸಿಗುತ್ತದೆ. ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಎಲ್ಲಿದೆ? ಇನ್ನೊಂದು ವಿಷಯವೂ ಮನಸ್ಸಿನಲ್ಲಿದೆ. ಈ ನೆಲದವನಲ್ಲದ ನಾನು ತೊಟ್ಟರೆ ಇಲ್ಲಿಯವರಿಗೆ ನೋವಾಗುತ್ತದೆಯೇ?

ಲೀತ್ ನಿವಾಸಿ, ಎಡಿನ್‌ಬರಾ

ಮಲೆನಾಡಿಗರೇ, ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ಎಂಟು ವರ್ಷದಿಂದ ಕಿಲ್ಟ್ ತೊಡುತ್ತಿದ್ದೇನೆ. ಮೊದಲು ಬೆಲೆಯ ಲೆಕ್ಕ ಹೇಳಿಬಿಡುತ್ತೇನೆ. ಅಳತೆ ಕೊಟ್ಟು ಕೈಯಲ್ಲಿ ಹೊಲಿಸಿದ 8 ಗಜದ ಉಣ್ಣೆಯ ಕಿಲ್ಟ್ 500 ಪೌಂಡ್ ಆಸುಪಾಸು, ಅದಕ್ಕೂ ಮೇಲೆ. ರಾಯಲ್ ಮೈಲ್‌ನ ಪ್ರವಾಸಿ ಅಂಗಡಿಗಳಲ್ಲಿ ಬಾಗಿಲಲ್ಲೇ ತೂಗುಹಾಕಿರುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರದ್ದು. ಇವೆರಡರ ನಡುವೆ ಪಾಲಿವಿಸ್ಕೋಸ್ ಬಟ್ಟೆಯ 5 ಗಜದ ಕಿಲ್ಟ್‌ಗಳಿವೆ, ಅವು ನಿಮ್ಮ ಮಿತಿಯ ಹತ್ತಿರ ಬರುತ್ತವೆ.

ಆದರೆ ನನ್ನ ಸಲಹೆ ಇದ್ಯಾವುದೂ ಅಲ್ಲ. ಮದುವೆಗೆ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳು ಕೆಲವು ವರ್ಷ ಬಳಸಿದ ಮೇಲೆ ಹಳೆಯದನ್ನು ಮಾರಿಬಿಡುತ್ತವೆ. ನನ್ನದು ಹಾಗೆ ಸಿಕ್ಕಿದ್ದು, ಗಜಕ್ಕೆ 13 ಔನ್ಸ್ ತೂಗುವ ಉಣ್ಣೆ, 75 ಪೌಂಡ್. ನೂರು ಮದುವೆ ಕಂಡ ಬಟ್ಟೆಯಿರಬಹುದು, ಇಂದಿಗೂ ನೆರಿಗೆ ಕದಲಿಲ್ಲ. ಉಣ್ಣೆಯದೇ ಕೊಳ್ಳಿ, ಹಳೆಯದಾದರೂ ಸರಿ. ಪ್ಲಾಸ್ಟಿಕ್ ದಾರದ ಬಟ್ಟೆಗೆ ದುಡ್ಡು ಸುರಿಯಬೇಡಿ.

ಡಂಡೀ ವಿದ್ಯಾರ್ಥಿ

ನನಗಾದದ್ದನ್ನು ಹೇಳುತ್ತೇನೆ, ಇನ್ನೊಬ್ಬರಿಗೆ ಹಾಗಾಗದಿರಲಿ. ಕಳೆದ ವರ್ಷ ಆನ್‌ಲೈನ್‌ನಲ್ಲಿ 32 ಪೌಂಡ್‌ಗೆ ಒಂದು ತರಿಸಿದೆ. ಪ್ಯಾಂಟಿನ ಸೊಂಟದ ಅಳತೆ 32 ಎಂದು ಅದನ್ನೇ ಬರೆದಿದ್ದೆ. ಬಂದ ಕಿಲ್ಟ್ ಹೊಕ್ಕುಳಿನ ಮಟ್ಟಕ್ಕೆ ಏರಲೇ ಇಲ್ಲ. ಪ್ಯಾಂಟ್ ನಿಲ್ಲುವ ಕಡೆ ಕಟ್ಟಿಕೊಂಡರೆ ಮಂಡಿಯ ಕೆಳಗೆ ಇಳಿಯಿತು. ಹಿಂದಿನ ನೆರಿಗೆಗಳನ್ನು ಸೊಂಟಪಟ್ಟಿಯ ಹತ್ತಿರ ಒಂದು ಸಾಲು ಹೊಲಿದು ಉಳಿದದ್ದನ್ನು ಇಸ್ತ್ರಿಗೆ ಬಿಟ್ಟಿದ್ದರು. ಟೇ ನದಿಯ ದಡದಲ್ಲಿ ಒಂದು ಮಳೆಗೆ ಸಿಕ್ಕಿದೆ, ಮನೆಗೆ ಬರುವಷ್ಟರಲ್ಲಿ ನೆರಿಗೆಯೆಲ್ಲ ಬಿಚ್ಚಿಕೊಂಡು ಲಂಗದ ಹಾಗೆ ಅರಳಿತ್ತು. ವಾಪಸು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ.

ದರ್ಜಿ ಅಕ್ಕ, ಅಬರ್ಡೀನ್

ತಮ್ಮಾ, ನಿನ್ನ ತಪ್ಪೇನೂ ಇಲ್ಲ, ಅಳತೆಯನ್ನು ಯಾರೂ ಹೇಳಿಕೊಡುವುದಿಲ್ಲ. ನಾನು ದಾವಣಗೆರೆಯವಳು, ತಂದೆಯವರದು ಟೈಲರ್ ಅಂಗಡಿ. ಇಲ್ಲಿ ಆಲ್ಟರೇಶನ್ ಕೆಲಸ ಮಾಡುತ್ತೇನೆ, ವರ್ಷಕ್ಕೆ ನಲವತ್ತು ಐವತ್ತು ಕಿಲ್ಟ್ ನನ್ನ ಮೇಜಿನ ಮೇಲೆ ಬರುತ್ತವೆ. ಬಕಲ್ ಸರಿಸಿ ಕೊಡಿ, ಹರಿದ ಪಟ್ಟಿ ಬದಲಿಸಿ ಕೊಡಿ, ಬಿಚ್ಚಿದ ನೆರಿಗೆ ಸರಿಮಾಡಿ ಕೊಡಿ. ಹಾಗಾಗಿ ಇದರ ಒಳಹೊರಗು ನನಗೆ ಗೊತ್ತು.

ಕಿಲ್ಟ್‌ಗೆ ಪ್ಯಾಂಟಿನ ಅಳತೆ ನಡೆಯುವುದಿಲ್ಲ. ಪ್ಯಾಂಟ್ ಸೊಂಟದ ಮೂಳೆಯ ಮೇಲೆ ನಿಲ್ಲುತ್ತದೆ, ಕಿಲ್ಟ್ ಹೊಕ್ಕುಳಿನ ಮಟ್ಟದಲ್ಲಿ ನಿಲ್ಲುತ್ತದೆ. ಬರಿಮೈ ಮೇಲೆ, ಅಥವಾ ತೆಳು ಅಂಗಿಯ ಮೇಲೆ, ಹೊಕ್ಕುಳಿನ ಮೇಲೆ ಟೇಪ್ ಸುತ್ತಿ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಬಹಳ ಜನರಿಗೆ ಪ್ಯಾಂಟಿನ ಅಳತೆಗಿಂತ ಎರಡು ಅಂಗುಲ, ಕೆಲವರಿಗೆ ನಾಲ್ಕು ಅಂಗುಲ ಹೆಚ್ಚು ಬರುತ್ತದೆ. ಎರಡನೆಯದು ಸೀಟಿನ ಅತಿ ಅಗಲವಾದ ಜಾಗದ ಸುತ್ತಳತೆ. ಮೂರನೆಯದು ಹೊಕ್ಕುಳಿನ ಮಟ್ಟದಿಂದ ಮಂಡಿಚಿಪ್ಪಿನ ನಡುವಿನವರೆಗೆ ಉದ್ದ. ಉದ್ದವನ್ನು ಇನ್ನೊಬ್ಬರಿಂದ ಅಳೆಸಿ. ನೀವೇ ಬಗ್ಗಿ ನೋಡಿದರೆ ಟೇಪ್ ಸರಿಯುತ್ತದೆ. ಅಂಗಡಿಯಲ್ಲಿ ತೊಟ್ಟು ನೋಡುವುದಾದರೆ ಮಂಡಿಯೂರಿ ಬೆನ್ನು ನೆಟ್ಟಗೆ ಮಾಡಿ. ಅಂಚು ನೆಲದಿಂದ ಒಂದು ಅಂಗುಲದಷ್ಟು ಮೇಲಿದ್ದರೆ ನಿಮ್ಮ ಅಳತೆಗೆ ಸರಿ.

ಈಗ 30 ಪೌಂಡಿನದಕ್ಕೂ 600 ಪೌಂಡಿನದಕ್ಕೂ ಏನು ವ್ಯತ್ಯಾಸ ಎಂದು ಕೇಳಿದಿರಲ್ಲ. ಕಿಲ್ಟನ್ನು ತಿರುಗಿಸಿ ಹಿಂಭಾಗ ನೋಡಿ. ಸೊಂಟದಿಂದ ಸೀಟಿನವರೆಗೆ ಪ್ರತಿ ನೆರಿಗೆಯನ್ನೂ ಮೇಲಿನಿಂದ ಕೆಳಕ್ಕೆ ಹೊಲಿದು ಕೂಡಿಸಿರಬೇಕು. ಇದಕ್ಕೆ ಇಲ್ಲಿಯವರು ಫೆಲ್ ಎನ್ನುತ್ತಾರೆ. ಸೊಂಟ ಸಣ್ಣ, ಸೀಟು ದೊಡ್ಡದು. ಆ ವ್ಯತ್ಯಾಸವನ್ನು ಇಪ್ಪತ್ತೈದು ಮೂವತ್ತು ನೆರಿಗೆಗಳಿಗೆ ಹಂಚಿ, ಪ್ರತಿಯೊಂದನ್ನೂ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಸಣ್ಣ ಮಾಡುತ್ತಾ ಹೊಲಿಯುತ್ತಾರೆ. ಒಂದು ನೆರಿಗೆಯಲ್ಲಿ ಅರೆಗೆರೆ ತಪ್ಪಿದರೆ ಚೌಕಳಿ ಸೊಟ್ಟಗಾಗುತ್ತದೆ. ಕಿಲ್ಟಿನ ಕೂಲಿಯೆಲ್ಲ ಇರುವುದು ಆ ಏಳೆಂಟು ಅಂಗುಲದಲ್ಲಿ. ಫೆಲ್ ಇಲ್ಲದೆ ಬರೀ ಸೊಂಟಪಟ್ಟಿಗೆ ಸಿಕ್ಕಿಸಿದ ನೆರಿಗೆ ಮಳೆಗೆ ಅರಳದೆ ಇನ್ನೇನು ಮಾಡುತ್ತದೆ?

ಆಮೇಲೆ ಕೆಳಗಿನ ಅಂಚು ನೋಡಿ. ಒಳ್ಳೆಯ ಕಿಲ್ಟ್‌ನಲ್ಲಿ ಅಂಚನ್ನು ಮಡಿಚಿ ಹೊಲಿದಿರುವುದಿಲ್ಲ. ಮಗ್ಗದಲ್ಲಿ ಬಟ್ಟೆಗೆ ಬಂದ ಅಂಚೇ ಕಿಲ್ಟಿನ ಅಂಚು, ಪಂಚೆಗೆ ಇರುತ್ತದಲ್ಲ ಹಾಗೆ. ಮಡಿಚಿ ಹೊಲಿದರೆ ಅಲ್ಲಿ ಬಟ್ಟೆ ಎರಡು ಪದರವಾಗಿ ನೆರಿಗೆಯ ತುದಿ ಗಡುಸಾಗುತ್ತದೆ, ನಡೆಯುವಾಗ ತೂಗುವುದಿಲ್ಲ.

8 ಗಜ ಎಂದು ಕೇಳಿ ಹೆದರಬೇಡಿ. ನಮ್ಮ ಅಜ್ಜಿ 9 ಗಜದ ಸೀರೆ ಉಟ್ಟು ಹೊಲದ ಕೆಲಸ ಮಾಡಲಿಲ್ಲವೇ? ಅಗಲ ಪನ್ನದ ಬಟ್ಟೆ 4 ಗಜ ತಂದು, ಉದ್ದಕ್ಕೆ ಎರಡಾಗಿ ಸೀಳಿ, ಎರಡು ತುಂಡನ್ನೂ ಜೋಡಿಸಿದರೆ 8 ಗಜವಾಗುತ್ತದೆ. ದಿನಬಳಕೆಗೆ 5 ಗಜ ಸಾಕು. ನೆರಿಗೆಯ ಆಳ ಕಡಿಮೆ, ತೂಕವೂ ಕಡಿಮೆ, ಬಸ್ಸಿನಲ್ಲಿ ಕೂರಲು ಹಗುರ.

ಮಲೆನಾಡಿಗ

ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ನಿಮ್ಮ ಮಾತು ಓದಿ ತಕ್ಷಣ ಟೇಪ್ ತೆಗೆದುಕೊಂಡೆ. ಪ್ಯಾಂಟ್ 34, ಹೊಕ್ಕುಳಿನ ಹತ್ತಿರ 37. ಲೀತ್ ಸರ್ ಉಣ್ಣೆಯೇ ಬೇಕು ಎನ್ನುತ್ತಿದ್ದಾರೆ. ಪಾಲಿವಿಸ್ಕೋಸ್ ಎಂಬುದು ಅಷ್ಟು ಕೆಟ್ಟದ್ದೇ?

ಬನಹಟ್ಟಿ ನೇಕಾರ, ಬ್ರಾಡ್‌ಫರ್ಡ್

ಕೆಟ್ಟದ್ದಲ್ಲ. ಲೀತ್ ಅವರ ಮಾತನ್ನು ಈ ಒಂದು ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಾವು ಮೂರು ತಲೆಮಾರಿನ ನೇಕಾರರು, ನಾನು ಈಗ ಯಾರ್ಕ್‌ಶೈರ್‌ನಲ್ಲಿ ಜವಳಿ ಗಿರಣಿಯ ಕೆಲಸದಲ್ಲಿದ್ದೇನೆ. ಅಕ್ರಿಲಿಕ್ಕನ್ನೂ ಪಾಲಿವಿಸ್ಕೋಸನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಕ್ರಿಲಿಕ್ ಮೊದಲ ದಿನ ಉಣ್ಣೆಯಂತೆಯೇ ಮೆತ್ತಗಿರುತ್ತದೆ. ಹತ್ತು ಸಲ ತೊಟ್ಟ ಮೇಲೆ ಕೂರುವ ಜಾಗದಲ್ಲಿ ಸಣ್ಣ ಸಣ್ಣ ಗಂಟು ಏಳುತ್ತದೆ, ನೆರಿಗೆಯ ಮಡಿಕೆ ನಿಲ್ಲುವುದಿಲ್ಲ, ಇಸ್ತ್ರಿ ಸ್ವಲ್ಪ ಬಿಸಿಯಾದರೆ ಬಟ್ಟೆ ಹೊಳಪಾಗಿ ಸುಟ್ಟಂತಾಗುತ್ತದೆ. ಪಾಲಿವಿಸ್ಕೋಸ್ ಎಂದರೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಎಳೆಗಳ ಮಿಶ್ರಣ. ಪಾಲಿಯೆಸ್ಟರ್ ಶಾಖಕ್ಕೆ ಒಮ್ಮೆ ಮಡಿಕೆ ಹಿಡಿಯಿತೆಂದರೆ ಬಿಡುವುದಿಲ್ಲ, ಆದ್ದರಿಂದ ನೆರಿಗೆ ಚೂರಿಯ ಅಲಗಿನಂತೆ ನಿಲ್ಲುತ್ತದೆ. ಯಂತ್ರದಲ್ಲಿ ತಣ್ಣೀರಿನಲ್ಲಿ ಒಗೆಯಬಹುದು, ಹುಳು ತಿನ್ನುವುದಿಲ್ಲ, ಉಣ್ಣೆ ಚುಚ್ಚುವವರಿಗೆ ತೊಂದರೆಯಿಲ್ಲ. ಇಲ್ಲೇ ಯಾರ್ಕ್‌ಶೈರ್‌ನ ಮಾರ್ಟನ್ ಮಿಲ್ಸ್ ಗಿರಣಿ ಪಾಲಿವಿಸ್ಕೋಸ್‌ನಲ್ಲಿ ಟಾರ್ಟನ್, ಅಂದರೆ ಕಿಲ್ಟಿನ ಚೌಕಳಿ ಬಟ್ಟೆ, ನೇಯುತ್ತದೆ, ನೇಯ್ಗೆ ಅಚ್ಚುಕಟ್ಟು. ಕೆಸರಿನಲ್ಲಿ ನಡೆಯುವವನಿಗೆ, ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವ ತಂದೆಗೆ ಇದಕ್ಕಿಂತ ಅನುಕೂಲದ ಬಟ್ಟೆಯಿಲ್ಲ.

ಯಾವುದೇ ಬಟ್ಟೆ ಕೊಳ್ಳುವುದಾದರೂ ತೂಕ ಕೇಳಿ. ಇಲ್ಲಿ ಗಜಕ್ಕೆ ಇಷ್ಟು ಔನ್ಸ್ ಎಂದು ಲೆಕ್ಕ. 10, 11 ಔನ್ಸ್ ಹಗುರ, 13 ಮಧ್ಯಮ, 16 ಭಾರಿ. ನಮ್ಮ ಲೆಕ್ಕದಲ್ಲಿ 13 ಔನ್ಸ್ ಎಂದರೆ ಮೀಟರಿಗೆ ಸುಮಾರು 400 ಗ್ರಾಂ, 16 ಎಂದರೆ 500 ಗ್ರಾಂ. ಸೂಟಿಗೆ ಬಳಸುವ ಬಟ್ಟೆ 250ರಿಂದ 300 ಗ್ರಾಂ ಇರುತ್ತದೆ. ಊರಿನಿಂದ ಒಳ್ಳೆಯ ಸೂಟಿಂಗ್ ಬಟ್ಟೆ ತರಿಸಿ ಕಿಲ್ಟ್ ಹೊಲಿಸಿದರೆ ಅಗ್ಗವಾಗುತ್ತದಲ್ಲ ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಆ ತೂಕದಲ್ಲಿ ನೆರಿಗೆ ಕೆಳಗೆ ಇಳಿದು ನಿಲ್ಲುವುದಿಲ್ಲ, ಗಾಳಿ ಬಂದತ್ತ ಹೋಗುತ್ತದೆ. ಕಿಲ್ಟಿನ ಮಾನ ಉಳಿಯುವುದು ಬಟ್ಟೆಯ ತೂಕದಿಂದ.

ನೇಕಾರನಾಗಿ ಇನ್ನೊಂದು ಮಾತು. ಚೌಕಳಿ ಲುಂಗಿಗೂ ಟಾರ್ಟನ್‌ಗೂ ಏನು ವ್ಯತ್ಯಾಸ ಎಂದು ನನ್ನ ತಂದೆ ಫೋನಿನಲ್ಲಿ ಕೇಳಿದ್ದರು. ಲುಂಗಿಯದು ಸಾದಾ ನೇಯ್ಗೆ, ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ, ಒಂದರ ಕೆಳಗೆ. ಟಾರ್ಟನ್ ಟ್ವಿಲ್ ನೇಯ್ಗೆ, ಎರಡರ ಮೇಲೆ, ಎರಡರ ಕೆಳಗೆ, ಪ್ರತಿ ಸಾಲಿಗೂ ಒಂದೊಂದು ಎಳೆ ಸರಿಯುತ್ತಾ ಹೋಗುತ್ತದೆ. ಹಾಸಿನಲ್ಲಿ ಯಾವ ಬಣ್ಣ ಯಾವ ಕ್ರಮದಲ್ಲಿ ಎಷ್ಟು ಎಳೆಯೋ ಹೊಕ್ಕಿನಲ್ಲಿಯೂ ಸಾಮಾನ್ಯವಾಗಿ ಅದೇ. ಕೆಂಪು ಮತ್ತು ಹಸಿರು ಅಡ್ಡಹಾಯುವ ಜಾಗವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಓರೆಯಾಗಿ ಇಳಿಯುವ ಸಣ್ಣ ಸಣ್ಣ ಗೆರೆ ಕಂಡರೆ ಅದು ನೇಯ್ದ ಟಾರ್ಟನ್. ಕೆಲವು ಅಗ್ಗದ ಬಟ್ಟೆಯಲ್ಲಿ ಚೌಕಳಿಯನ್ನು ಮೇಲಿನಿಂದ ಅಚ್ಚು ಹಾಕಿರುತ್ತಾರೆ, ಹಿಂದೆ ತಿರುಗಿಸಿದರೆ ಬಣ್ಣ ಮಸುಕು. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಲೀತ್ ನಿವಾಸಿ

ನೇಕಾರರೇ, ನಿಮ್ಮ ಅನುಭವದ ಮುಂದೆ ನನ್ನ ವಾದ ಹಿಂದೆ ತೆಗೆದುಕೊಳ್ಳುತ್ತೇನೆ, ಅರ್ಧದಷ್ಟು. ಒಗೆಯುವ ಅನುಕೂಲ ನಿಜ. ಆದರೆ ಸಣ್ಣಮಳೆಯಲ್ಲಿ ಎರಡು ಗಂಟೆ ನಡೆದು ಬಂದು ಉಣ್ಣೆಯ ಕಿಲ್ಟನ್ನು ಎರಡು ಸಲ ಕೊಡವಿದರೆ ನೀರು ಹನಿಹನಿಯಾಗಿ ಉದುರುತ್ತದೆ. ಒದ್ದೆಯಾದರೂ ತೊಡೆಗೆ ಬೆಚ್ಚಗಿರುತ್ತದೆ. ಆ ಗುಣ ಬೇರೆ ಬಟ್ಟೆಯಲ್ಲಿ ನನಗೆ ಸಿಕ್ಕಿಲ್ಲ.

ಬಾಡಿಗೆ ಅಂಗಡಿಯ ಕಿಲ್ಟ್ ನೋಡಲು ಹೋದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ, ನೆರಿಗೆಯನ್ನು ಒಂದೊಂದಾಗಿ ಬಿಡಿಸಿ. ಹುಳು ತಿಂದ ತೂತು ಸೂಜಿಮೊನೆಯಷ್ಟಿದ್ದರೂ ಕಾಣುತ್ತದೆ. ಚರ್ಮದ ಪಟ್ಟಿ ಬಿರುಕು ಬಿಟ್ಟಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಮುಂಭಾಗದ ಒಳಪದರ, ಕೂತಾಗ ತೊಡೆಗೆ ಉಜ್ಜುವ ಜಾಗ, ತೆಳ್ಳಗಾಗಿದ್ದರೆ ಕೊಳ್ಳಬೇಡಿ. ಮನೆಗೆ ತಂದ ಕೂಡಲೇ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ. ಹುಳುವಿನ ಮೊಟ್ಟೆಯಿದ್ದರೆ ಅಲ್ಲೇ ಸಾಯುತ್ತದೆ, ಉಳಿದ ಸ್ವೆಟರ್‌ಗಳು ಬದುಕುತ್ತವೆ.

ಸಿಯಾಟಲ್ ಕನ್ನಡಿಗ

ಟಾರ್ಟನ್ನೇ ಆಗಬೇಕೆಂದೇನೂ ಇಲ್ಲವಲ್ಲ? ಇಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ 2000ನೇ ಇಸವಿಯಲ್ಲಿ ಯುಟಿಲಿಕಿಲ್ಟ್ಸ್ ಎಂಬ ಸಂಸ್ಥೆ ಶುರುವಾಯಿತು. ದಪ್ಪ ಹತ್ತಿ ಬಟ್ಟೆ, ಒಂದೇ ಬಣ್ಣ, ಎರಡೂ ಬದಿಗೆ ದೊಡ್ಡ ಜೇಬು. ಈಗ ಅದೇ ಮಾದರಿಯಲ್ಲಿ ಬೇರೆಯವರೂ ಕಡಿಮೆ ಬೆಲೆಗೆ ಮಾಡುತ್ತಾರೆ. ನಾನು ಮರಗೆಲಸ ಮಾಡುವಾಗ ತೊಡುವುದು ಅದನ್ನೇ; ಟೇಪು, ಪೆನ್ಸಿಲ್, ಮೊಳೆ ಎಲ್ಲವೂ ಜೇಬಿನಲ್ಲಿರುತ್ತವೆ. ಟಾರ್ಟನ್ ಕಿಲ್ಟ್‌ನಲ್ಲಿ ಜೇಬೇ ಇಲ್ಲ, ಮೊಬೈಲ್ ಎಲ್ಲಿಡುತ್ತೀರಿ?

ಲೀತ್ ನಿವಾಸಿ

ಅದಕ್ಕೇ ಸ್ಪೋರನ್ ಇರುವುದು, ಮುಂದೆ ಸರಪಳಿಯಲ್ಲಿ ಕಟ್ಟುವ ಚೀಲ. ತುಪ್ಪಳದ್ದೇ ಬೇಕಿಲ್ಲ, ದಿನಬಳಕೆಗೆ ಸಾದಾ ಚರ್ಮದ್ದು ಸಾಕು. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಕೂತಾಗ ಅದರ ಭಾರಕ್ಕೆ ಮುಂದಿನ ಪದರ ತೊಡೆಯ ನಡುವೆ ಇಳಿದು ಮರ್ಯಾದೆ ಕಾಯುತ್ತದೆ. ಸದ್ಯಕ್ಕೆ ದುಡ್ಡಿಲ್ಲವೆಂದರೆ ಸೊಂಟಕ್ಕೆ ಕಟ್ಟುವ ಚಿಕ್ಕ ಚೀಲವೂ ನಡೆಯುತ್ತದೆ.

ಹತ್ತಿಯ ಕಿಲ್ಟ್ ಒಣಹವೆಗೆ ಒಳ್ಳೆಯದೇ. ಗ್ಲಾಸ್ಗೋದ ಮಳೆಯಲ್ಲಿ ಮಾತ್ರ ಅದು ನೀರು ಕುಡಿದು ಭಾರವಾಗಿ ಸಂಜೆಯವರೆಗೂ ಕಾಲಿಗೆ ತಣ್ಣಗೆ ಅಂಟುತ್ತದೆ.

ಡಂಡೀ ವಿದ್ಯಾರ್ಥಿ

ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ಒಳಗೆ ಏನೂ ಹಾಕಿಕೊಳ್ಳಬಾರದು ಎನ್ನುತ್ತಾರಲ್ಲ, ನಿಜವೇ?

ದರ್ಜಿ ಅಕ್ಕ

ಹಾಕಿಕೊ ತಮ್ಮಾ. ಸೈನ್ಯದ ಸಂಪ್ರದಾಯ, ಪಂದ್ಯದ ದಿನದ ಮಾತು ಬೇರೆ. ದಿನಾ ಬಸ್ಸು ಹತ್ತಿ ಇಳಿಯುವವನ ಮಾತು ಬೇರೆ. ಅಂಗಡಿಯಲ್ಲಿ ತೊಟ್ಟು ನೋಡುವಾಗಲಂತೂ ಕಡ್ಡಾಯ. ಉಣ್ಣೆಯ ಕಿಲ್ಟನ್ನು ವಾರವಾರ ಒಗೆಯಲಾಗುವುದಿಲ್ಲ ಎಂಬುದನ್ನೂ ನೆನಪಿಡು. ಚಿಕ್ಕ ಹತ್ತಿ ಶಾರ್ಟ್ಸ್ ಇದ್ದರೆ ಗಾಳಿಗೂ ಭಯವಿಲ್ಲ, ಬಟ್ಟೆಯೂ ಸ್ವಚ್ಛ.

ಶಿರಸಿಯವಳು, ಇನ್ವರ್ನೆಸ್

ಮಲೆನಾಡಿಗರು ಕೇಳಿದ ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಅದೇ ಮುಖ್ಯ ಅನ್ನಿಸಿತು.

ನಮ್ಮ ಮನೆಯಿಂದ ಕಲೋಡನ್ ಬಯಲು ದೂರವಿಲ್ಲ. 1746ರ ಏಪ್ರಿಲ್ 16ರಂದು ಅಲ್ಲಿ ಜಾಕೊಬೈಟರು, ಅಂದರೆ ಪದಚ್ಯುತ ಸ್ಟೂವರ್ಟ್ ರಾಜಮನೆತನವನ್ನು ಮತ್ತೆ ಗದ್ದುಗೆಗೆ ತರಲು ಹೋರಾಡಿದವರು, ಸೋತರು. ಅದೇ ವರ್ಷ ಸಂಸತ್ತು ಕಾನೂನು ತಂದಿತು, 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನ ಗಂಡಸರೂ ಹುಡುಗರೂ ಕಿಲ್ಟ್, ಹೆಗಲಿಗೆ ಹೊದೆಯುವ ಪ್ಲೇಡ್ ಏನನ್ನೂ ತೊಡುವಂತಿಲ್ಲವೆಂದು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆವಾಸ, ಮತ್ತೆ ಸಿಕ್ಕರೆ ಏಳು ವರ್ಷ ಗಡೀಪಾರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರಲ್ಲಿ ರದ್ದಾಗುವವರೆಗೆ ಮೂವತ್ತೈದು ವರ್ಷ ಹೀಗೆಯೇ ನಡೆಯಿತು. ತನ್ನ ಅಜ್ಜ ಉಡುತ್ತಿದ್ದ ಬಟ್ಟೆಯನ್ನು ಕಣ್ಣಿನಲ್ಲಿ ನೋಡದೆ ಬೆಳೆದ ಮಕ್ಕಳು ಎಷ್ಟು ಜನವೋ. ಇದನ್ನು ತಿಳಿದು ತೊಟ್ಟರೆ ತೊಡುವ ರೀತಿಯಲ್ಲೇ ಗೌರವ ಬಂದುಬಿಡುತ್ತದೆ.

ಇಲ್ಲಿಯವರು ನೊಂದುಕೊಳ್ಳುವುದನ್ನು ನಾನು ಕಂಡಿಲ್ಲ. ನನ್ನ ಮಗ ಶಾಲೆಯ ಪೈಪ್ ಬ್ಯಾಂಡ್‌ನಲ್ಲಿದ್ದಾನೆ. ಮೊದಲ ಸಲ ತೊಟ್ಟು ಹೊರಟಾಗ ನೆರೆಮನೆಯ ಅಜ್ಜಿ ಬೇಲಿಯಾಚೆಯಿಂದ ಕೂಗಿ ನಿಲ್ಲಿಸಿದರು. ನನಗೆ ಎದೆ ಹಾರಿತು. ಅವರು ಬಂದು ಅವನ ಮುಂದೆ ಮಂಡಿಯೂರಿ, ಕಿಲ್ಟಿನ ಬಲತುದಿಗೆ ನಾನು ಚುಚ್ಚಿದ್ದ ಪಿನ್ನನ್ನು ಬಿಚ್ಚಿದರು. ಎರಡೂ ಪದರ ಸೇರಿಸಿ ಚುಚ್ಚಿಬಿಟ್ಟಿದ್ದೆ. ಹಾಗೆ ಮಾಡಿದರೆ ಹೆಜ್ಜೆ ಹಾಕುವಾಗ ಬಟ್ಟೆ ಹರಿಯುತ್ತದೆ; ಪಿನ್ ಬರೀ ತೂಕಕ್ಕೆ, ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು ಎಂದು ಹೇಳಿ, ಮತ್ತೆ ಸರಿಯಾಗಿ ಹಾಕಿ, ನೆರಿಗೆ ನೇವರಿಸಿ ಕಳಿಸಿದರು. ಊರಿನಲ್ಲಿ ಮದುವಣಗಿತ್ತಿಯ ಸೀರೆ ಸರಿಮಾಡುವ ಅತ್ತೆಯರ ಕೈಯೇ ಅದು.

ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಪಶ್ಚಿಮದ ಗುಡ್ಡಗಳಿಗೆ ಹೋಗುವುದಾದರೆ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಮೊಣಕಾಲನ್ನು ಬಿಡುವುದಿಲ್ಲ. ಜರಿಗಿಡದ ಪೊದೆಯಲ್ಲಿ ಉಣ್ಣಿಗಳಿರುತ್ತವೆ, ಅವುಗಳಿಂದ ಲೈಮ್ ರೋಗ ಹರಡುತ್ತದೆ. ನೀವು ಮಲೆನಾಡಿನವರು, ಮಳೆಗಾಲದಲ್ಲಿ ತೋಟದಿಂದ ಬಂದ ಕೂಡಲೇ ಇಂಬಳ ಹತ್ತಿದೆಯೇ ಎಂದು ಕಾಲು ನೋಡಿಕೊಳ್ಳುವ ಅಭ್ಯಾಸ ಇದ್ದೇ ಇರುತ್ತದೆ. ಇಲ್ಲಿಯೂ ಹಾಗೆಯೇ ನೋಡಿಕೊಳ್ಳಿ.

ಮಲೆನಾಡಿಗ

ಅಜ್ಜಿಯ ಪ್ರಸಂಗ ಓದಿ ಮನಸ್ಸು ಹಗುರಾಯಿತು. ಹಾಗಾದರೆ ಯಾವ ಟಾರ್ಟನ್? ಪ್ರತಿ ಕುಲಕ್ಕೂ ಒಂದೊಂದು ಇರುತ್ತದೆ, ಇನ್ನೊಬ್ಬರದನ್ನು ತೊಟ್ಟರೆ ತಪ್ಪು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು.

ಬನಹಟ್ಟಿ ನೇಕಾರ

ಕುಲಕ್ಕೊಂದು ಟಾರ್ಟನ್ ಎಂಬುದು ಬಹುಮಟ್ಟಿಗೆ 19ನೇ ಶತಮಾನದಲ್ಲಿ ಗಟ್ಟಿಯಾದದ್ದು. ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಕಾರರು 1819ರಲ್ಲಿ ತಮ್ಮ ಮಾದರಿಗಳ ಪುಸ್ತಕ ಮಾಡಿಕೊಂಡಿದ್ದರು. ಎಳೆಗಳ ಲೆಕ್ಕ ಬರೆದಿಟ್ಟ ನೇಕಾರರ ಪುಸ್ತಕ ಅದು. ಮೂರು ವರ್ಷದ ನಂತರ, 1822ರಲ್ಲಿ, ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರಾಗೆ ಬಂದಾಗ ಎಲ್ಲರಿಗೂ ಟಾರ್ಟನ್ ಬೇಕಾಯಿತು, ಮಗ್ಗಗಳಿಗೆ ಬಿಡುವಿಲ್ಲದಾಯಿತು. ಇಂಥದ್ದನ್ನು ಇಂಥವರೇ ತೊಡಬೇಕೆಂಬ ಕಾನೂನಿಲ್ಲ. ಬಾಲ್ಮೋರಲ್ ಟಾರ್ಟನ್ ಒಂದನ್ನು ರಾಜಮನೆತನಕ್ಕೆ ಬಿಟ್ಟಿರುತ್ತಾರೆ, ಅದು ಅಂಗಡಿಯಲ್ಲಿ ಸಿಗುವುದೂ ಇಲ್ಲ. ಆದರೂ ನಿಮಗೆ ಸಂಬಂಧವೇ ಇಲ್ಲದ ಮನೆತನದ ಹೆಸರನ್ನು ಮೈಮೇಲೆ ಹೊರುವುದಕ್ಕಿಂತ ಎಲ್ಲರಿಗೂ ಸಲ್ಲುವುದನ್ನು ಆರಿಸಿ ಎನ್ನುತ್ತೇನೆ. ಊರುಗಳ ಹೆಸರಿನ ಟಾರ್ಟನ್‌ಗಳಿವೆ, ಗ್ಲಾಸ್ಗೋದ್ದೂ ಇದೆ. ಕಡಿಮೆ ಬೆಲೆಯಲ್ಲಿ ಸಿಗುವುದು ಹೆಚ್ಚಾಗಿ ರಾಯಲ್ ಸ್ಟೂವರ್ಟ್ ಮತ್ತು ಬ್ಲ್ಯಾಕ್ ವಾಚ್. ಮೊದಲನೆಯದು ಕೆಂಪು, ಅರ್ಧ ಮೈಲಿಯಿಂದ ಕಾಣುತ್ತದೆ. ಎರಡನೆಯದು ಕಡುಹಸಿರು, ಕಡುನೀಲಿ, ಕಪ್ಪು. ಅದೇ ಹೆಸರಿನ ಸೇನಾ ತುಕಡಿಯ ಬಟ್ಟೆ. ಯಾವ ಅಂಗಿಗೂ ಹೊಂದುತ್ತದೆ, ಕೆಸರಿನ ಕಲೆ ಕಾಣುವುದಿಲ್ಲ.

ಲೀತ್ ನಿವಾಸಿ

ಬ್ಲ್ಯಾಕ್ ವಾಚ್‌ಗೆ ನನ್ನ ಮತವೂ. ಕಾಲುಚೀಲದಲ್ಲಿ ಸಿಕ್ಕಿಸುವ ಚೂರಿಯನ್ನು ಕೊಳ್ಳಲೇಬೇಡಿ. ರಾಷ್ಟ್ರೀಯ ಉಡುಪಿನ ಭಾಗವಾಗಿ ಅದಕ್ಕೆ ಇಲ್ಲಿ ಕಾನೂನಿನ ರಿಯಾಯಿತಿ ಇದೆ, ಆದರೆ ಜಾಕೆಟ್ಟು ಟೀ ಶರ್ಟಿನ ಜೊತೆ ತರಕಾರಿ ಅಂಗಡಿಗೆ ಅದೇಕೆ? ದಪ್ಪ ಉಣ್ಣೆಯ ಕಾಲುಚೀಲ, ಬೆಟ್ಟ ಹತ್ತುವ ಬೂಟು, ಸಾದಾ ಸ್ವೆಟರ್. ಅಷ್ಟೇ.

ಮಲೆನಾಡಿಗ

ಐದು ವಾರದ ನಂತರ ಬರೆಯುತ್ತಿದ್ದೇನೆ. ಮೂರು ಬಾಡಿಗೆ ಅಂಗಡಿ ಅಲೆದೆ. ಮೊದಲ ಎರಡರಲ್ಲಿ ನನ್ನ ಅಳತೆಯದು ಸಿಗಲಿಲ್ಲ. ಮೂರನೆಯದರಲ್ಲಿ ಹಿಂದಿನ ಕೋಣೆಯ ಕಂಬಿಯಿಂದ ಒಂದು ಬ್ಲ್ಯಾಕ್ ವಾಚ್ ತೆಗೆದುಕೊಟ್ಟರು. 13 ಔನ್ಸ್ ಉಣ್ಣೆ, ಫೆಲ್ ಪೂರ್ತಿ ಹೊಲಿದದ್ದು, ಅಂಚು ಮಗ್ಗದ್ದೇ. ಕಿಟಕಿಗೆ ಹಿಡಿದು ಪ್ರತಿ ನೆರಿಗೆ ನೋಡಿದೆ, ಇಪ್ಪತ್ತಾರು ಎಣಿಸಿದೆ. ಒಂದರಲ್ಲಿ ಸಣ್ಣ ತೂತಿತ್ತು, ಮಡಿಕೆಯ ಒಳಗೆ. ಅದನ್ನು ತೋರಿಸಿದೆ, 80 ಎಂದವರು 65 ಪೌಂಡ್‌ಗೆ ಕೊಟ್ಟರು. ಎಡಸೊಂಟದ ಸೀಳಿನಿಂದ ಒಳಪದರದ ಪಟ್ಟಿ ಹೊರಗೆಳೆದು ಬಿಗಿಯುವುದು, ಆಮೇಲೆ ಮೇಲ್ಪದರವನ್ನು ಬಲಕ್ಕೆ ತಂದು ಬಕಲ್ ಹಾಕುವುದು, ಇದನ್ನು ಅಂಗಡಿಯವರೇ ಎರಡು ಸಲ ಮಾಡಿ ತೋರಿಸಿದರು. ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ.

ಕಳೆದ ಶನಿವಾರ ವೆಸ್ಟ್ ಹೈಲ್ಯಾಂಡ್ ವೇ ದಾರಿಯ ಮೊದಲ ಭಾಗ ನಡೆದೆ, ಮಲ್‌ಗೈಯಿಂದ ಡ್ರಿಮೆನ್‌ವರೆಗೆ 12 ಮೈಲಿ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಜೀನ್ಸ್ ತೊಟ್ಟಿದ್ದ ಗೆಳೆಯ ಮಂಡಿ ಎತ್ತಲಾರದೆ ಹೆಜ್ಜೆ ಹಾಕುತ್ತಿದ್ದ. ನನಗೆ ಬೇಲಿಯ ಮೆಟ್ಟಿಲು ಹತ್ತುವಾಗ ಬಟ್ಟೆ ಎಲ್ಲಿಯೂ ಹಿಡಿಯಲಿಲ್ಲ. ಎದುರು ಬಂದ ವೃದ್ಧ ದಂಪತಿ ನಿಂತು, ಒಳ್ಳೆಯ ಹವೆ ಆರಿಸಿದ್ದೀರಿ ಎಂದು ನಕ್ಕು, ಕಿಲ್ಟ್ ಎಲ್ಲಿ ಕೊಂಡಿರಿ ಎಂದು ವಿಚಾರಿಸಿದರು. ಹಳ್ಳಿಯ ಹೋಟೆಲಿನ ಬೆಂಚಿನಲ್ಲಿ ಕೂರುವಾಗ ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ನೆರಿಗೆ ಸವರಿತು.

ಅಕ್ಕ, ಮನೆಗೆ ಬಂದ ಮೇಲೆ ಒದ್ದೆ ಕಿಲ್ಟನ್ನು ತೂಗುಹಾಕಿದೆ. ಒಣಗಿದ ಮೇಲೆ ನಾಲ್ಕೈದು ನೆರಿಗೆ ಕೆಳಭಾಗದಲ್ಲಿ ಸ್ವಲ್ಪ ಬಾಯಿ ಬಿಟ್ಟಿವೆ. ಇಸ್ತ್ರಿ ಹೇಗೆ ಮಾಡಲಿ?

ದರ್ಜಿ ಅಕ್ಕ

ತುಂಬಾ ಸಂತೋಷವಾಯಿತು. ನೇರವಾಗಿ ಇಸ್ತ್ರಿ ಇಡಬೇಡಿ, ನೆರಿಗೆ ತಪ್ಪಿದ ಜಾಗಕ್ಕೆ ಹೊಸ ಮಡಿಕೆ ಬಿದ್ದರೆ ಮತ್ತೆ ತೆಗೆಯುವುದು ಕಷ್ಟ. ಮೇಜಿನ ಮೇಲೆ ಕಂಬಳಿ ಹಾಸಿ ಕಿಲ್ಟನ್ನು ಹಿಂಭಾಗ ಮೇಲಾಗಿ ಮಲಗಿಸಿ. ಫೆಲ್ ಮುಗಿಯುವ ಕಡೆಯಿಂದ ಅಂಚಿನವರೆಗೆ ಪ್ರತಿ ನೆರಿಗೆಯೂ ತನ್ನ ಗೆರೆಯಲ್ಲೇ ಇಳಿಯುವಂತೆ ಕೈಯಲ್ಲಿ ಜೋಡಿಸಿ, ಅಡ್ಡಕ್ಕೆ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ. ತೆಳು ಹತ್ತಿಬಟ್ಟೆ ಒದ್ದೆಮಾಡಿ ಹಿಂಡಿ ಮೇಲೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಮುಂದಕ್ಕೆ ಹೋಗಿ, ಎಳೆಯಬೇಡಿ. ಪೂರ್ತಿ ಆರಿದ ಮೇಲೆ ದಾರ ಬಿಚ್ಚಿ. ಕಚ್ಚಾ ಹೊಲಿಗೆಗೆ ಬಿಳಿ ದಾರ ಬಳಸಿ, ನಿಮ್ಮದು ಕಡುಬಣ್ಣದ ಬಟ್ಟೆ, ಬಿಚ್ಚುವಾಗ ಒಂದು ಎಳೆಯೂ ಕಣ್ಣು ತಪ್ಪಿ ಉಳಿಯಬಾರದು.